ದನಿ ಬೇಕು, ಮುಖ ಬೇಡ ಅಂದ ದಿನ

ನಮ್ಮ ನಾಟಕವನ್ನು ಸಿನಿಮಾ ಮಾಡುತ್ತೇವೆ ಅಂತ ಬೆಂಗಳೂರಿನಿಂದ ಫೋನ್ ಬಂದಾಗ ನಮ್ಮ ತಂಡಕ್ಕೆ ಹಬ್ಬ ಬಂದಂತಾಗಿತ್ತು. ಧಾರವಾಡದ ಹವ್ಯಾಸಿ ತಂಡ ನಮ್ಮದು. ಹಗಲೆಲ್ಲ ಬ್ಯಾಂಕು, ಶಾಲೆ, ಅಂಗಡಿ ಅಂತ ದುಡಿದು ಸಂಜೆ ತಾಲೀಮಿಗೆ ಕೂಡುವವರು. ನಾನು ಹಾರ್ಮೋನಿಯಂ ನುಡಿಸುತ್ತೇನೆ. ಈ ನಾಟಕದ ತುಂಬ ಹಾಡುಗಳೇ. ಲಾವಣಿ ಧಾಟಿ, ಗೀಗಿ ಪದದ ಧಾಟಿ, ನಡುವೆ ಒಂದೆರಡು ತತ್ವಪದ. ಜಾತ್ರೆಗೆ ಹೋದ ಗಂಡ ತಿರುಗಿ ಬಾರದೆ, ಅವನನ್ನು ಹುಡುಕುತ್ತ ಊರೂರು ಅಲೆಯುವ ಹೆಣ್ಣುಮಗಳ ಕಥೆ. ಆ ಪಾತ್ರವನ್ನು ಮೊದಲ ಪ್ರಯೋಗದಿಂದಲೂ ಒಬ್ಬರೇ ಮಾಡುತ್ತಾ ಬಂದಿದ್ದಾರೆ. ಹುಬ್ಬಳ್ಳಿಯವರು, ಶಾಲೆಯಲ್ಲಿ ಸಂಗೀತ ಕಲಿಸುತ್ತಾರೆ. ನಮಗೆಲ್ಲ ಅವರು ಅಕ್ಕಾರು.

ಸಿನಿಮಾದವರು ಒಂದು ಭಾನುವಾರ ಮಾಳಮಡ್ಡಿಯ ನಮ್ಮ ತಾಲೀಮಿನ ಮನೆಗೆ ಬಂದರು. ಪಡಸಾಲೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಒಂದು ದೀಪ ಹಚ್ಚಿ, ಕ್ಯಾಮೆರಾ ಇಟ್ಟರು. ನಾನು ಕರಿ ನಾಲ್ಕಕ್ಕೆ, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಗೆ, ಶ್ರುತಿ ಹಿಡಿದೆ. ಅಕ್ಕಾರು ರಂಗದ ಮೇಲೆ ಹೇಗೋ ಹಾಗೇ ಹಾಡಿದರು. ಕೈ ಎತ್ತಿ, ಕತ್ತು ತಿರುಗಿಸಿ, ಕಡೇ ಸಾಲಿನಲ್ಲಿ ಕೂತ ಅಜ್ಜಿಗೂ ಮುಟ್ಟುವ ಹಾಗೆ. ನಿರ್ದೇಶಕರು ತಡೆದರು. "ಮೇಡಂ, ಜಾಸ್ತಿ ಆಯ್ತು. ಕ್ಯಾಮೆರಾ ನಿಮ್ಮ ಹತ್ರಾನೇ ಇದೆ, ದೂರ ಯಾರೂ ಕೂತಿಲ್ಲ" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

"ಹಂಗಾರ ಕೂತು ಹಾಡ್ತೀನ್ರಿ" ಅಂದು ಅಕ್ಕಾರು ನೆಲದ ಮೇಲೆ ಕೂತರು.

ಆ ಹಾಡಿಗೆ ಮುಂಚೆ ಒಂದು ಸಣ್ಣ ಮಾತಿದೆ. ಅದರ ಕೊನೆಯ ಪದವನ್ನೇ ಎಳೆದು ಅವರು ಹಾಡಿಗೆ ಇಳಿಯುತ್ತಾರೆ. ಎಷ್ಟು ಎಳೆಯುತ್ತಾರೆ ಅನ್ನುವುದು ಪ್ರತಿ ಪ್ರಯೋಗಕ್ಕೂ ಬೇರೆ. ನಾನು ಅವರ ಭುಜ ನೋಡುತ್ತ ಕಾಯಬೇಕು. ಅವತ್ತು ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅಂತ ನನಗೇ ತಿಳಿಯಲಿಲ್ಲ. ದನಿ ಇಳಿಸಿ, ಪಕ್ಕದಲ್ಲಿ ಕೂತವರಿಗೆ ಹೇಳಿಕೊಳ್ಳುವಂತೆ ಹಾಡಿದರು. ಮೂರನೇ ಸಾಲಿನಲ್ಲಿ ಉಸಿರು ಸಾಲದೆ ಸ್ವರ ಸ್ವಲ್ಪ ಒಡೆಯಿತು. ರಂಗದ ಮೇಲೆ ಎಂದೂ ಒಡೆಯಲು ಬಿಟ್ಟವರಲ್ಲ, ಇಲ್ಲಿ ಬಿಟ್ಟರು. ಗಂಟಲಿನ ನರ ಒಮ್ಮೆ ಬಿಗಿದು ಸಡಿಲಾಯಿತು. ಕ್ಯಾಮೆರಾ ಹಿಂದಿದ್ದ ಹುಡುಗ ಪರದೆ ಬಿಟ್ಟು ಅವರನ್ನೇ ನೋಡುತ್ತಿದ್ದ.

ರಂಗದವರಿಗೆ ಕ್ಯಾಮೆರಾ ಒಗ್ಗುವುದಿಲ್ಲ ಅನ್ನುವ ಮಾತನ್ನು ನಾನು ಅವತ್ತಿಗೆ ಬಿಟ್ಟುಬಿಟ್ಟೆ. ಒಂದು ಸೂಚನೆ ಸಾಕಾಯಿತು, ಅಷ್ಟೇ.

ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಎಣಗಾಯಿ ಊಟ ಆಯಿತು. ಕೈ ತೊಳೆದು ಬಂದ ಮೇಲೆ ನಿರ್ಮಾಪಕರ ಕಡೆಯವರು ವಿಷಯ ತೆಗೆದರು. ಹಾಡು ಅದ್ಭುತ, ಆದರೆ ಪಾತ್ರಕ್ಕೆ ಜನ ಗುರುತಿಸುವ ಮುಖ ಬೇಕು. ಕಥೆಯ ಹೆಣ್ಣಿಗೆ ವಯಸ್ಸೂ ಕಡಿಮೆ. ಅಕ್ಕಾರ ದನಿಯನ್ನು ಮಾತ್ರ ತಗೋತೀವಿ, ನಾಯಕಿ ತುಟಿ ಕೂಡಿಸ್ತಾಳೆ ಅಂದರು.

ಈ ಮಾತು ಹೊಸದಲ್ಲ. 'ಮೈ ಫೇರ್ ಲೇಡಿ' ಅನ್ನುವ ಹಾಡುನಾಟಕ 1956ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂದಾಗ ನಾಯಕಿ ಜೂಲಿ ಆಂಡ್ರೂಸ್. 1964ರ ಸಿನಿಮಾಕ್ಕೆ ಅವರನ್ನು ಕರೆಯಲಿಲ್ಲ. ಹೆಸರುವಾಸಿ ತಾರೆ ಬೇಕು ಅಂತ ಆಡ್ರಿ ಹೆಪ್‌ಬರ್ನ್ ಅವರನ್ನು ತಂದರು. ಬಹುಪಾಲು ಹಾಡುಗಳಿಗೆ ದನಿ ಕೊಟ್ಟ ಮಾರ್ನಿ ನಿಕ್ಸನ್ ಹೆಸರು ಪರದೆಯ ಮೇಲೆ ಬರಲೇ ಇಲ್ಲ. ರಂಗದ ನಾಯಕ ರೆಕ್ಸ್ ಹ್ಯಾರಿಸನ್ ಮಾತ್ರ ಸಿನಿಮಾದಲ್ಲೂ ಇದ್ದರು. ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸುವುದು ತನ್ನಿಂದ ಆಗದು ಅಂದರು. ಟೈನೊಳಗೆ ಮೈಕ್ ಅಡಗಿಸಿ ಸೆಟ್ಟಿನಲ್ಲೇ ಅವರ ಹಾಡು ಹಿಡಿದರು. ಅವರಿಗೆ ಆಸ್ಕರ್ ಬಂತು. ಅದೇ ವರ್ಷ ಜೂಲಿ ಆಂಡ್ರೂಸ್ ಅವರಿಗೂ ಬಂತು, ಬೇರೆ ಸಿನಿಮಾಕ್ಕೆ!

ವಯಸ್ಸಿನ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. 'ಡಿಯರ್ ಇವಾನ್ ಹ್ಯಾನ್ಸೆನ್' ಅನ್ನು ರಂಗದ ಮೇಲೆ ಗೆಲ್ಲಿಸಿದ ಬೆನ್ ಪ್ಲಾಟ್ 2021ರ ಸಿನಿಮಾದಲ್ಲೂ ಅದೇ ಹೈಸ್ಕೂಲ್ ಹುಡುಗನಾದರು. ಆಗ ಅವರಿಗೆ 27ರ ಆಸುಪಾಸು. ಹುಡುಗನಂತೆ ಕಾಣುವುದಿಲ್ಲ ಅಂತ ವಿಮರ್ಶಕರು ಹಿಡಿದು ಜಾಡಿಸಿದರು. ಆದರೆ ನಮ್ಮ ಕಥೆಯ ಹೆಣ್ಣು ಹುಡುಗಿಯೇ ಆಗಬೇಕಿಲ್ಲವಲ್ಲ. ಗಂಡನನ್ನು ಹುಡುಕುತ್ತ ಅಲೆದು ಸವೆದವಳು ಆಕೆ. ನಲವತ್ತು ದಾಟಿದ ಮುಖಕ್ಕೆ ಆ ಕಥೆ ಇನ್ನೂ ಚೆನ್ನಾಗಿ ಒಪ್ಪುತ್ತದೆ, ಅಲ್ವಾ?

ನಮ್ಮ ಕಡೆಯ ಹಿರಿಯರಿಗೆ ಬಸವಣ್ಣ ಅಂದರೆ ಏಣಗಿ ಬಾಳಪ್ಪನವರು. ರಂಗದ ಮೇಲೆ ಆ ಪಾತ್ರದಲ್ಲಿ ಅವರನ್ನು ಕಂಡವರು ಬೇರೆ ಬಸವಣ್ಣನನ್ನು ಸುಲಭಕ್ಕೆ ಒಪ್ಪುವುದಿಲ್ಲ. 1959ರ 'ಜಗಜ್ಯೋತಿ ಬಸವೇಶ್ವರ' ಸಿನಿಮಾದಲ್ಲಿ ಬಸವಣ್ಣನಾದವರು ಹೊನ್ನಪ್ಪ ಭಾಗವತರು. ಅವರೂ ರಂಗದಿಂದ ಬಂದ ಹಾಡುಗಾರ ನಟರೇ.

ರಾಜ್‌ಕುಮಾರ್ ವಿಷಯ ನೆನೆದರೆ ನನಗೆ ಈಗಲೂ ಸಂಕಟ. ಕಂಪನಿ ನಾಟಕದಲ್ಲಿ ಹಾಡುತ್ತ ಬೆಳೆದವರು. 1954ರಲ್ಲಿ ನಾಯಕರಾದ ಮೇಲೆ ಇಪ್ಪತ್ತು ವರ್ಷ ಅವರ ಹೆಚ್ಚಿನ ಹಾಡುಗಳಿಗೆ ಬೇರೆಯವರ ದನಿ. ಪಿ.ಬಿ. ಶ್ರೀನಿವಾಸ್ ಅವರ ಗಾಯನದ ಬಗ್ಗೆ ಎರಡು ಮಾತಿಲ್ಲ, ನಾನೂ ದಿನಾ ಕೇಳುತ್ತೇನೆ. ಆದರೂ 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು, ರಾಜ್ ತಾವೇ ಹಾಡಿದರು, ಆಮೇಲೆ ತಮ್ಮ ಹಾಡನ್ನು ತಾವೇ ಹಾಡುತ್ತ ಹೋದರು. ಆ ಸಿನಿಮಾದ ಮೂಲ ನಮ್ಮ ಉತ್ತರ ಕರ್ನಾಟಕದ ಪಿ.ಬಿ. ಧುತ್ತರಗಿಯವರ ನಾಟಕ. ಹಾಡುವ ನಟನ ಮುಖವೂ ದನಿಯೂ ಒಂದಾದರೆ ಏನಾಗುತ್ತದೆ ಅಂತ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮತ್ತೆ ಖಾನಾವಳಿಗೆ ಬರುತ್ತೇನೆ. ನಾವೆಲ್ಲ ಸುಮ್ಮನಿದ್ದೆವು. ಸಿನಿಮಾ ತಪ್ಪಿಹೋದೀತು ಅನ್ನುವ ಭಯ ಎಲ್ಲರ ಮುಖದಲ್ಲೂ ಇತ್ತು. ಮಾತಾಡಿದವರು ಅಕ್ಕಾರೇ. "ದನಿ ಕೊಡಾಕ ನನಗೇನ್ ಬ್ಯಾಸರ ಇಲ್ರೀ. ಆದ್ರ ಹಾಡು ನಾ ಮೊದಲ ಹಾಡಿಟ್ಟಿರ್ತೀನಿ. ಆಕಿ ಉಸಿರು ತಗೊಳ್ಳೋ ಹೊತ್ತಿನ್ಯಾಗ ನನ್ನ ಸ್ವರ ನಡದಿರ್ತೈತಿ. ನಾ ನಿಂತಲ್ಲಿ ಆಕಿ ಕಣ್ಣು ಇನ್ನೇನೋ ಹೇಳ್ತಿರ್ತಾವು. ಅದು ಹೆಂಗ ಕೂಡ್ತೈತ್ರಿ?"

ನಿರ್ದೇಶಕರ ಹತ್ತಿರ ಉತ್ತರ ಇರಲಿಲ್ಲ. ಎಡಿಟಿಂಗ್‌ನಲ್ಲಿ ನೋಡೋಣ ಅಂದರು.

ಸೆಟ್ಟಿನಲ್ಲೇ ಹಾಡಿಸುವುದು ಆಗದ ಕೆಲಸವಲ್ಲ. ಹಾಡುನಾಟಕದಿಂದ ಬಂದ 2012ರ 'ಲೇ ಮಿಸರಾಬ್ಲ್' ಸಿನಿಮಾದಲ್ಲಿ ನಟರು ಕಿವಿಯಲ್ಲಿ ಪಿಯಾನೋ ಕೇಳುತ್ತ ಕ್ಯಾಮೆರಾ ಮುಂದೆಯೇ ಹಾಡಿದರು. ಎಪೊನೀನ್ ಅನ್ನುವ ಪಾತ್ರ ಮಾಡಿದ ಸಮಂತಾ ಬಾರ್ಕ್ಸ್ ಅದೇ ಪಾತ್ರವನ್ನು ರಂಗದ ಮೇಲೆ ಮಾಡಿ ಬಂದವರು. ಆ ನಾಟಕದಲ್ಲಿ ಲಂಡನ್ನಿನಲ್ಲಿ ಮೊದಲು ನಾಯಕನಾಗಿದ್ದ ಕಾಲಮ್ ವಿಲ್ಕಿನ್ಸನ್ ಅವರಿಗೆ ಬಿಷಪ್ ಪಾತ್ರ ಸಿಕ್ಕಿತು. ಪಾತ್ರ ಸಣ್ಣದು. ಆದರೂ ಅವರು ಪರದೆಯ ಮೇಲಿದ್ದರು, ತಮ್ಮ ದನಿಯಲ್ಲೇ ಹಾಡಿದರು.

ರಂಗದಲ್ಲಿ ಮಾಡಿದ ಎಲ್ಲರನ್ನೂ ಸಿನಿಮಾಕ್ಕೂ ಹಾಕಿ ಅಂತ ನಾನು ಹೇಳುವುದಿಲ್ಲ. ನಮ್ಮ ತಂಡದಲ್ಲೇ ಗಂಡನ ಪಾತ್ರ ಮಾಡುವವನಿಗೆ ಹಾಡು ಕಮ್ಮಿ, ಅವನ ಜಾಗಕ್ಕೆ ಬೇರೆ ನಟ ಬಂದರೆ ನಡೆಯುತ್ತದೆ. ಆದರೆ ಹಾಡೇ ಪಾತ್ರವಾದಾಗ, ಆ ಪಾತ್ರದ ಉಸಿರನ್ನು ಕಂಡುಹಿಡಿದವರನ್ನೇ ಮೊದಲು ಕರೆಯಬೇಕು. ಕ್ಯಾಮೆರಾ ಮುಂದೆ ನಿಲ್ಲಿಸಿ ನೋಡಬೇಕು. ಅಕ್ಕಾರನ್ನು ನಿಲ್ಲಿಸಿ ನೋಡಿದರು, ಗೆದ್ದದ್ದನ್ನು ಕಂಡರು, ಆಮೇಲೆ ಬೇಡ ಅಂದರು. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಮರುದಿನ ಸಂಜೆ ತಂಡ ಕೂಡಿತು. ನಾಟಕದ ಹಕ್ಕು ಕೊಡುವ ಕಾಗದಕ್ಕೆ ಎರಡು ಷರತ್ತು ಸೇರಿಸಿದೆವು. ಅಕ್ಕಾರು ಹಾಡುವುದಾದರೆ ಅವರ ಹೆಸರು ನಾಯಕಿಯ ಹೆಸರಿನ ಜೊತೆಗೇ ಪರದೆಯ ಮೇಲೆ ಬರಬೇಕು. ನಾಯಕಿ ಯಾರೇ ಆಗಲಿ, ಶೂಟಿಂಗ್‌ಗೆ ಮುಂಚೆ ಧಾರವಾಡಕ್ಕೆ ಬಂದು ಅಕ್ಕಾರ ಎದುರು ಕೂತು ಆ ಹಾಡುಗಳನ್ನು ಕಲಿಯಬೇಕು. ಬೆಂಗಳೂರಿನವರು ವಿಚಾರ ಮಾಡಿ ಹೇಳ್ತೀವಿ ಅಂದಿದ್ದಾರೆ. ಈ ಎರಡೂ ಇಲ್ಲದ ಕಾಗದಕ್ಕೆ ಸಹಿ ಇಲ್ಲ ಅಂತ ನಾವೂ ಹೇಳಿದ್ದೇವೆ.