ಏಳನೇ ನೀರು: ಬಿಯಾಂಕೈಟ್ ಬೆಳೆಸುವ ಪ್ರಯತ್ನ, ಮಾರ್ಚ್‌ನಿಂದ ಜೂನ್‌ವರೆಗೆ

ಮಾರ್ಚ್ 8

ಇವತ್ತು ಶುರು ಮಾಡಿದೆ. ಗುರಿ ಒಂದೇ: ಬಿಯಾಂಕೈಟ್ ಎಂಬ ಖನಿಜದ ಹರಳನ್ನು ಮನೆಯಲ್ಲಿ ಬೆಳೆಸಬೇಕು, ಅದು ಬಿಯಾಂಕೈಟೇ ಎಂದು ತೂಕದ ಲೆಕ್ಕದಲ್ಲಿ ತೋರಿಸಬೇಕು. ಪ್ರಯೋಗಾಲಯದ ಯಂತ್ರಗಳು ನನ್ನ ಹತ್ತಿರ ಇಲ್ಲ. ಇರುವುದು 0.01 ಗ್ರಾಂ ತೋರಿಸುವ ಚಿನ್ನದಂಗಡಿ ತಕ್ಕಡಿ, ಒಂದು ತೇವಾಂಶ ಮಾಪಕ, ನಾಲ್ಕು ಗಾಜಿನ ಡಬ್ಬಿ. ಜೊತೆಗೆ ಬಳ್ಳಾರಿಯ ಬೇಸಿಗೆ.

ಬಿಯಾಂಕೈಟ್ ಅಂದರೆ ನೀರು ಹಿಡಿದಿಟ್ಟುಕೊಂಡ ಸತುವಿನ ಸಲ್ಫೇಟ್. ಸತುವಿನ ಜಾಗದಲ್ಲಿ ಅಲ್ಲಲ್ಲಿ ಕಬ್ಬಿಣ ಕೂತಿರುತ್ತದೆ. ಒಂದು ಲೋಹ, ಒಂದು ಸಲ್ಫೇಟ್, ಆರು ನೀರಿನ ಅಣು. ಸುಲಭಕ್ಕೆ ಆರು ನೀರು ಅನ್ನುತ್ತೇನೆ. ಇದನ್ನು ಮೊದಲು ಗುರುತಿಸಿದ್ದು ಇಟಲಿಯ ರೈಬ್ಲ್ ಗಣಿಯಲ್ಲಿ. ಆಸ್ಟ್ರಿಯಾ, ಸ್ಲೊವೇನಿಯಾ ಗಡಿ ಕೂಡುವ ಮೂಲೆಯಲ್ಲಿ, ತಾರ್ವಿಸಿಯೊ ಹತ್ತಿರ ಇದೆ. ಊರಿನ ಈಗಿನ ಹೆಸರು ಕಾವೆ ದೆಲ್ ಪ್ರೆದಿಲ್. 1930ರಲ್ಲಿ ಆಂಡ್ರೆಆಟ್ಟಾ ಎಂಬ ವಿಜ್ಞಾನಿ ವಿವರಿಸಿ, ಪಾದುವಾ ವಿಶ್ವವಿದ್ಯಾಲಯದ ಖನಿಜಶಾಸ್ತ್ರಜ್ಞ ಆಂಜೆಲೊ ಬಿಯಾಂಕಿ ಅವರ ಹೆಸರಿಟ್ಟರು. ಸೀಸ, ಸತುವಿನ ಆ ಗಣಿ 1991ರಲ್ಲಿ ಮುಚ್ಚಿತು.

ಅಲ್ಲಿ ಅದು ಹುಟ್ಟುವ ಬಗೆ ಸರಳ. ಸ್ಫಾಲರೈಟ್ ಸತುವಿನ ಅದಿರು. ಅದರ ಜೊತೆ ಪೈರೈಟ್ ಇರುತ್ತದೆ, ಅದು ಕಬ್ಬಿಣ ಮತ್ತು ಗಂಧಕ. ಸುರಂಗ ಕೊರೆದ ಮೇಲೆ ಗಾಳಿ, ನೀರು ಎರಡೂ ಒಳಗೆ ಬರುತ್ತವೆ. ಪೈರೈಟ್ ಕೊಳೆತು ಆಮ್ಲ ಆಗುತ್ತದೆ, ಆ ಆಮ್ಲ ಸತುವನ್ನೂ ಎಳೆದುಕೊಳ್ಳುತ್ತದೆ. ನೀರು ಆರಿದ ಕಡೆ ಬಿಳಿ ಹಕ್ಕಳೆ ಕೂರುತ್ತದೆ. ನಮ್ಮ ಹಳೇ ಗೋಡೆಗಳಿಗೆ ಉಪ್ಪು ಬರುತ್ತದಲ್ಲ, ಹಾಗೆ. ಮೆತ್ತಗಿನ ಖನಿಜ, 1ರಿಂದ 10ರ ಮೊಹ್ಸ್ ಅಳತೆಯಲ್ಲಿ ಗಡಸುತನ ಸುಮಾರು 2.5. ನೀರಿಗೆ ಹಾಕಿದರೆ ಕರಗಿಯೇ ಹೋಗುತ್ತದೆ.

ಮಾರ್ಚ್ 10

ಸಾಮಾನು ತಂದೆ. ಗೊಬ್ಬರದ ಅಂಗಡಿಯವರು ‘ಏನಕ್ಕಣ್ಣಾ, ಭತ್ತಕ್ಕಾ ಮೆಣಸಿನಕಾಯಿಗಾ?’ ಅಂದರು. ಹರಳು ಬೆಳೆಸೋಕೆ ಅಂದೆ. ಆಮೇಲೆ ಹತ್ತು ನಿಮಿಷ ಮಾತಾಡಿದೆವು. ಜಿಂಕ್ ಸಲ್ಫೇಟ್ ಎರಡು ಬಗೆ ಸಿಗುತ್ತದೆ. ಚೀಲದ ಮೇಲೆ ಸತು 21% ಅಂತ ಇದ್ದರೆ ಏಳು ನೀರಿನದು, 33% ಅಂತ ಇದ್ದರೆ ಒಂದೇ ನೀರಿನದು. ನಾನು 21% ತಂದೆ.

ಕಬ್ಬಿಣದ ಸಲ್ಫೇಟ್ ಗ್ರಂಧಿಗೆ ಅಂಗಡಿಯಲ್ಲಿ ಅನ್ನಭೇದಿ ಹೆಸರಲ್ಲಿ ಸಿಕ್ಕಿತು. ಮೇಲೆ ಕಂದು ಪುಡಿ ಹಿಡಿದಿತ್ತು. ಬೇಗ ತೊಳೆದು ಹಸಿರು ಭಾಗ ಮಾತ್ರ ಇಟ್ಟುಕೊಂಡೆ. ಇದಕ್ಕೆ ಬಳಸಿದ ಯಾವ ಪಾತ್ರೆಯೂ ಮತ್ತೆ ಅಡುಗೆಮನೆಗೆ ಹೋಗಬಾರದು. ಮಕ್ಕಳಿಗೆ ಎಟುಕದ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ.

ಮಾರ್ಚ್ 14

ಮೊದಲ ದ್ರಾವಣ ಕೆಟ್ಟಿತು. ಎರಡು ಪಾಲು ಸತು, ಒಂದು ಪಾಲು ಕಬ್ಬಿಣ ಹಾಕಿ ಬರೀ ನೀರಲ್ಲಿ ಕರಗಿಸಿದ್ದೆ. ಮೂರು ದಿನಕ್ಕೆ ಚಹಾದ ಬಣ್ಣಕ್ಕೆ ತಿರುಗಿ, ತಳದಲ್ಲಿ ತುಕ್ಕಿನ ಕೆಸರು ಕೂತಿತು. ಗಾಳಿ ತಾಕಿ ಕಬ್ಬಿಣ ತುಕ್ಕಿನ ರೂಪಕ್ಕೆ ಹೋಗಿದೆ. ಗಣಿಯ ನೀರು ಆಮ್ಲವಾಗಿರುವುದು ಯಾಕೆ ಮುಖ್ಯ ಅಂತ ಈಗ ಅರ್ಥ ಆಯಿತು.

ಮತ್ತೆ ಮಾಡಿದೆ. ಈ ಸಲ ತೆಳು ಬ್ಯಾಟರಿ ಆಸಿಡ್ ಕೆಲವೇ ಹನಿ, ಕೈಗವಸು, ಕನ್ನಡಕ. ಜೊತೆಗೆ ಉಜ್ಜಿ ತೊಳೆದ ಒಂದು ಕಬ್ಬಿಣದ ಮೊಳೆ. ಆಮ್ಲದಲ್ಲಿ ಮೊಳೆ ಸ್ವಲ್ಪ ಸ್ವಲ್ಪ ಕರಗುತ್ತಾ, ಕೆಟ್ಟ ಕಬ್ಬಿಣವನ್ನು ಮತ್ತೆ ಹಸಿರು ರೂಪಕ್ಕೆ ತರುತ್ತದೆ. ಪಕ್ಕದ ಡಬ್ಬಿಯಲ್ಲಿ ಬರೀ ಸತು.

ಮಾರ್ಚ್ 29

ಎರಡರಲ್ಲೂ ಹರಳು ಬಂದಿವೆ. ಸತುವಿನದು ಉದ್ದ ಕಡ್ಡಿಗಳು, ಗಾಜಿನ ಹಾಗೆ ತಿಳಿ. ಕಬ್ಬಿಣ ಸೇರಿದ್ದು ಓರೆಯಾದ ದಪ್ಪ ತುಂಡುಗಳು, ಎಳೆ ಹಸಿರು. ಎರಡೂ ಇನ್ನೂ ಏಳು ನೀರಿನವು. ಏಳು ನೀರಿನ ಸತು ಸಲ್ಫೇಟಿಗೆ ಗೋಸ್ಲರೈಟ್ ಎಂದು ಹೆಸರು. ಜರ್ಮನಿಯ ಗೋಸ್ಲಾರ್ ಊರಿನ ರಾಮೆಲ್ಸ್‌ಬರ್ಗ್ ಗಣಿಯಿಂದ ಬಂದ ಹೆಸರು ಅದು. ಸಾವಿರ ವರ್ಷಕ್ಕೂ ಜಾಸ್ತಿ ನಡೆದ ಆ ಗಣಿ 1988ರಲ್ಲಿ ನಿಂತು, 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈಗ ಬೇಕಾಗಿರುವುದು ಏಳರಲ್ಲಿ ಒಂದನ್ನು ಕಳೆಯುವುದು. ನನಗೆ ಈ ಖನಿಜದಲ್ಲಿ ತುಂಬಾ ಇಷ್ಟವಾದ ವಿಷಯವೇ ಇದು. ಹರಳಿನ ಒಳಗೆ ಪ್ರತಿ ಲೋಹದ ಸುತ್ತ ಆರು ನೀರು ನೇರವಾಗಿ ಕೈ ಹಿಡಿದು ನಿಂತಿರುತ್ತವೆ. ಏಳನೆಯದು ಯಾವ ಲೋಹಕ್ಕೂ ಅಂಟಿಲ್ಲ. ಸುಮ್ನೆ ನಡುವಿನ ಜಾಗದಲ್ಲಿ ಕೂತಿರುತ್ತದೆ. ಗಾಳಿ ಒಣಗಿದರೆ ಮೊದಲು ಹೊರಡುವುದು ಅದೇ. ಅದು ಹೋದ ಮೇಲೆ ಉಳಿದವು ಬೇರೆ ಥರ ಜೋಡಿಸಿಕೊಳ್ಳುತ್ತವೆ. ಆಗ ಗೋಸ್ಲರೈಟ್ ಹೋಗಿ ಬಿಯಾಂಕೈಟ್ ಆಗುತ್ತದೆ.

ಈ ಗಡಿ ಎಲ್ಲಿದೆ ಎಂದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಚೌ ಮತ್ತು ಸೀಲ್ 2005ರಲ್ಲಿ ಅಳೆದರು. 25 ಡಿಗ್ರಿಯಲ್ಲಿ ಗಾಳಿಯ ತೇವಾಂಶ ಸುಮಾರು 65%ಗಿಂತ ಕೆಳಗಿದ್ದರೆ ಏಳನೇ ನೀರು ನಿಲ್ಲುವುದಿಲ್ಲ. ಬಿಸಿ ಏರಿದ ಹಾಗೆ ಆ ಗಡಿಯೂ ಏರುತ್ತದೆ. ಬಳ್ಳಾರಿಯ ಮಾರ್ಚ್ ಮಧ್ಯಾಹ್ನ ನನ್ನ ಮಾಪಕ ತೋರಿಸುವುದು 28%.

ಏಪ್ರಿಲ್ 7

ತೂಕದ ಲೆಕ್ಕ. ಸತು ಸಲ್ಫೇಟಿನಲ್ಲಿ ಏಳರಲ್ಲಿ ಒಂದು ನೀರು ಹೋದರೆ ತೂಕ 6.26% ಇಳಿಯಬೇಕು. ಅಂದರೆ 20.00 ಗ್ರಾಂ ಇದ್ದದ್ದು 18.75ಕ್ಕೆ ಬರಬೇಕು. ಬರೀ ಸತುವಿನ ಹರಳು ಐದನೇ ದಿನ 18.77, ಎಂಟನೇ ದಿನ 18.70. ನೋಟಕ್ಕೆ ಸೀಮೆಸುಣ್ಣದ ಹಾಗೆ ಬೆಳ್ಳಗಾಗಿದೆ, ಆಕಾರ ಮಾತ್ರ ಹಾಗೇ ಇದೆ. ಸಂಖ್ಯೆ ನೋಡಿ ಎದ್ದು ನಿಂತುಬಿಟ್ಟೆ.

ಕಬ್ಬಿಣ ಸೇರಿದ್ದು ಮಾತ್ರ ನಿಲ್ಲಲಿಲ್ಲ. ಎಂಟನೇ ದಿನ 17.62, ಇನ್ನೂ ಇಳಿಯುತ್ತಿದೆ. ಆರು ನೀರಿನ ಗೆರೆ ಯಾವಾಗಲೋ ದಾಟಿತು. ಯಾಕೆಂದರೆ ಕಬ್ಬಿಣದ ಸಲ್ಫೇಟಿಗೆ ಆರು ನೀರಿನ ಮೇಲೆ ಒಲವಿಲ್ಲ. ಅದು ಏಳರಿಂದ ನಾಲ್ಕಕ್ಕೆ ಇಳಿಯುತ್ತದೆ. ಆ ರೂಪದ ಹೆಸರು ರೋಜೆನೈಟ್. ನನ್ನ ಡಬ್ಬಿಯಲ್ಲಿ ಈಗ ಆರೂ ನಾಲ್ಕೂ ಕಲಸಿರಬೇಕು. ಇದನ್ನು ಬಿಯಾಂಕೈಟ್ ಅನ್ನಲು ನನಗೆ ಮನಸ್ಸಿಲ್ಲ. ಕಬ್ಬಿಣ ಕಡಿಮೆ ಮಾಡಬೇಕು.

ಏಪ್ರಿಲ್ 19

ದಾರಿ ಬದಲಿಸಿದೆ. ಒಣಗಿಸಿ ನೀರು ಕಳೆಯುವ ಬದಲು, ಆರು ನೀರಿನ ಹರಳೇ ನೇರವಾಗಿ ಬರುವಂತೆ ಮಾಡುವುದು. ಸತು ಸಲ್ಫೇಟ್ ದ್ರಾವಣ 39 ಡಿಗ್ರಿಗಿಂತ ಬಿಸಿ ಇದ್ದರೆ ಏಳರ ಬದಲು ಆರು ನೀರಿನ ಹರಳು ಕಟ್ಟುತ್ತದೆ. ಹಗಲು ನಮ್ಮ ತಾರಸಿಯ ಕೋಣೆಯೇ 41 ಮುಟ್ಟುತ್ತದೆ! ಆದರೆ ರಾತ್ರಿ ಇಳಿಯುತ್ತದೆ. ಅದಕ್ಕೆ ಥರ್ಮೋಕೋಲ್ ಡಬ್ಬಿ, ಒಂದು ಬಲ್ಬು, ಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗೆ ಹಾಕುವ ಥರ್ಮೋಸ್ಟಾಟ್. 46 ಡಿಗ್ರಿಗೆ ಇಟ್ಟೆ. ಒಂಬತ್ತು ಪಾಲು ಸತು, ಒಂದು ಪಾಲು ಕಬ್ಬಿಣ.

ಏಪ್ರಿಲ್ 26

ಹರಳು ಬಂದಿದ್ದವು. ಗಿಡ್ಡ, ದಪ್ಪ, ಕಡ್ಡಿಯ ಆಕಾರವೇ ಅಲ್ಲ. ಮೊನ್ನೆ ರಾತ್ರಿ ನಾಲ್ಕು ಗಂಟೆ ಕರೆಂಟ್ ಹೋಯಿತು. ಬೆಳಗ್ಗೆ ನೋಡಿದರೆ ಎಲ್ಲ ಹಾಲಿನ ಹಾಗೆ ಮಬ್ಬು. ದ್ರಾವಣ ತಣ್ಣಗಾದಾಗ ಅದೇ ದ್ರಾವಣದಿಂದ ಒಂದು ನೀರು ವಾಪಸು ಎಳೆದುಕೊಂಡು ಗೋಸ್ಲರೈಟ್ ಆಗಿವೆ. ತುಂಬಾ ಬೇಜಾರಾಯಿತು. ಮತ್ತೆ ಬಿಸಿ ಮಾಡಿ ಕರಗಿಸಿಟ್ಟೆ.

ಮೇ 11

ಈ ಸಲ ಬಿಸಿ ಇರುವಾಗಲೇ ಚಿಮಟದಲ್ಲಿ ಎತ್ತಿ, ಬಿಸಿ ಮಾಡಿಟ್ಟ ಟಿಶ್ಯೂ ಮೇಲೆ ಉರುಳಿಸಿ ಒರೆಸಿದೆ. ಆರು ಹರಳು, ಅತಿ ದೊಡ್ಡದು ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ತಿಳಿ, ಹಸಿರಿನ ಛಾಯೆ ಇದೆಯೋ ಇಲ್ಲವೋ ಅನ್ನುವಷ್ಟು. ಸಣ್ಣ ಹರಳುಗಳೆಲ್ಲ ಸೇರಿ 10 ಗ್ರಾಂ ಬೇರೆ ಇವೆ.

ಪರೀಕ್ಷೆ ಹೀಗೆ. ಒದ್ದೆ ಅಡುಗೆ ಉಪ್ಪು ಹಾಕಿ ಮುಚ್ಚಿದ ಡಬ್ಬಿಯಲ್ಲಿ ತೇವಾಂಶ 75%ನಲ್ಲೇ ನಿಲ್ಲುತ್ತದೆ. ಹರಳು ಉಪ್ಪಿಗೆ ತಾಕದಂತೆ ಮೇಲೆ ತಟ್ಟೆಯಲ್ಲಿಟ್ಟು, ಡಬ್ಬಿಯನ್ನು ಮಣ್ಣಿನ ಹರವಿಯ ಪಕ್ಕ ತಂಪಿಗೆ ಇಟ್ಟೆ. ಇದು ನಿಜಕ್ಕೂ ಆರು ನೀರಿನದಾಗಿದ್ದರೆ ಒಂದು ನೀರು ಹೀರಿ 6.7% ತೂಕ ಏರಬೇಕು, ಅಲ್ಲಿಗೆ ನಿಲ್ಲಬೇಕು.

ಮೇ 24

10.00ರಿಂದ 10.61. ಕಳೆದ ನಾಲ್ಕು ದಿನದಿಂದ 10.61ರಲ್ಲೇ ನಿಂತಿದೆ. ಲೆಕ್ಕದ ಪ್ರಕಾರ 10.67 ಬರಬೇಕಿತ್ತು. ಒರೆಸಿದಾಗ ಉಳಿದ ಹಸಿಗೆ ಈ 0.06 ಸೇರಿಸಿಕೊಳ್ಳುತ್ತೇನೆ. ನನ್ನ ಮಟ್ಟಿಗೆ ಇದು ಬಿಯಾಂಕೈಟ್ ಆಗಿತ್ತು. ‘ಆಗಿತ್ತು’ ಅಂತಲೇ ಬರೆಯಬೇಕು, ಈಗ ಆ 10 ಗ್ರಾಂ ಗೋಸ್ಲರೈಟ್.

ಇದೇ ಕಾರಣಕ್ಕೆ ಹಳೇ ಸಂಗ್ರಹಗಳಲ್ಲಿ ಗೋಸ್ಲರೈಟ್ ಚೀಟಿ ಅಂಟಿಸಿದ ಡಬ್ಬಿಯೊಳಗೆ ಬಿಳಿ ಪುಡಿ ಇರುವುದು. ಚೀಟಿ ಬರೆದ ದಿನ ಅದು ಸರಿಯಾಗಿಯೇ ಇತ್ತು. ಆಮೇಲೆ ಕೋಣೆಯ ಗಾಳಿ ಅದನ್ನು ಬದಲಿಸಿತು.

ಜೂನ್ 6

ಮೊದಲ ಮಳೆ. ಮಾಪಕ 28ರಿಂದ 81ಕ್ಕೆ ಹಾರಿದೆ. ಗಣಿಗಳಲ್ಲಿ ಈ ದಿನವೇ ಅಪಾಯದ್ದು. ಬೇಸಿಗೆಯೆಲ್ಲ ಕೂಡಿಟ್ಟ ಸಲ್ಫೇಟ್ ಹಕ್ಕಳೆ ಮೊದಲ ಮಳೆಗೆ ಕರಗಿ, ಆಮ್ಲವನ್ನೂ ಲೋಹವನ್ನೂ ಒಟ್ಟಿಗೆ ಹೊಳೆಗೆ ಬಿಡುತ್ತದೆ. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿ ಇದಕ್ಕೇ ಕುಖ್ಯಾತ. ನನ್ನ ಉಳಿದ ದ್ರಾವಣವನ್ನೂ ಚರಂಡಿಗೆ ಚೆಲ್ಲಿಲ್ಲ, ಸತು ಮೀನಿಗೆ ವಿಷ. ಬಾಟಲಿಯಲ್ಲಿ ಮುಚ್ಚಿಟ್ಟಿದ್ದೇನೆ.

ಆ ಆರು ದೊಡ್ಡ ಹರಳುಗಳನ್ನು ಮೇ 11ರಂದೇ ಬೇರೆ ಡಬ್ಬಿಗೆ ಹಾಕಿದ್ದೆ. ಅದರ ತಳದಲ್ಲಿ ಒದ್ದೆ ಮೆಗ್ನೀಸಿಯಂ ನೈಟ್ರೇಟ್ ಇದೆ, ಅದೂ ಗೊಬ್ಬರದ ಅಂಗಡಿಯದೇ. ಒಳಗಿನ ತೇವಾಂಶ ಸುಮಾರು 53%. ಹೊರಗೆ ಏನೇ ಆದರೂ ಏಳನೇ ನೀರಿಗೆ ಅಲ್ಲಿ ಜಾಗ ಸಿಗಬಾರದು. ಇವತ್ತು ಟಾರ್ಚ್ ಹಾಕಿ ನೋಡಿದೆ. ಐದು ತಿಳಿಯಾಗಿವೆ. ಒಂದರ ತುದಿಯಲ್ಲಿ ಮಬ್ಬು ಚುಕ್ಕೆ ಕಾಣುತ್ತಿದೆ. ಅದನ್ನು ಮಾತ್ರ 20ನೇ ತಾರೀಕಿಗೆ ತೆಗೆದು ತೂಗುತ್ತೇನೆ.