ಟಿಯರ್‌ಡ್ರಾಪ್ ಟ್ರೈಲರ್: ಕೊಳ್ಳೋದಾ, ಕಟ್ಟೋದಾ?

ಕಾರಿನ ಹಿಂದೆ ನನ್ನ ಪುಟ್ಟ ಟ್ರೈಲರ್ ಸಿಕ್ಕಿಸಿಕೊಂಡು ಗೋಣಿಕೊಪ್ಪದ ಪೆಟ್ರೋಲ್ ಬಂಕಿಗೆ ಹೋದರೆ ಸಾಕು, ಯಾರಾದರೂ ಹತ್ತಿರ ಬಂದು ಕೇಳುತ್ತಾರೆ: "ಇದು ಕೊಂಡಿದ್ದಾ, ಕಟ್ಟಿದ್ದಾ? ನಮಗೂ ಒಂದು ಬೇಕು, ಯಾವುದು ಒಳ್ಳೇದು?" ನಾನು ಕಟ್ಟಿದವನು. ಹಾಗಂತ ಎಲ್ಲರಿಗೂ ಕಟ್ಟಿ ಅಂತ ಹೇಳುವುದಿಲ್ಲ. ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನು ಎಲ್ಲಿ ನಿಲ್ಲಿಸುತ್ತೀರಿ? ಮೇಲೆ ಸೂರು, ಕೆಳಗೆ ಒಣ ನೆಲ ಇರುವ ಜಾಗ ಇದೆಯಾ? ಕೊಡಗಿನಲ್ಲಿ ಇದ್ದುಕೊಂಡು ಟ್ರೈಲರ್ ಬೇಕು ಅನ್ನುವವರಿಗೆ ಮುಕ್ಕಾಲು ಪಾಲು ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ನೋಡದವರಿಗಾಗಿ ಎರಡು ಮಾತು. ಟಿಯರ್‌ಡ್ರಾಪ್ ಅಂದರೆ ಪಕ್ಕದಿಂದ ನೀರಹನಿಯ ಹಾಗೆ ಕಾಣುವ, ಇಬ್ಬರು ಮಲಗುವಷ್ಟೇ ಜಾಗ ಇರುವ ಎರಡು ಗಾಲಿಯ ಟ್ರೈಲರ್. ಒಳಗೆ ನಿಲ್ಲೋಕೆ ಆಗುವುದಿಲ್ಲ, ಹಾಸಿಗೆ ಮಾತ್ರ. ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ. ಹೊರಗೆ ನಿಂತೇ ಸ್ಟವ್ ಹಚ್ಚಬೇಕು. ಶುರುವಾದದ್ದು ಅಮೆರಿಕದಲ್ಲಿ, 1930ರ ದಶಕದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಪತ್ರಿಕೆಗಳು ಇದರ ನಕ್ಷೆ ಅಚ್ಚು ಹಾಕಿದವು, ಜನ ಮನೆಯ ಶೆಡ್ಡಿನಲ್ಲೇ ಕಟ್ಟಿಕೊಂಡರು. ಸಾಮಾನ್ಯ ಅಳತೆ 8 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರ. ಪ್ಲೈವುಡ್ ಹಲಗೆ ಬರುವುದೇ 8 ಅಡಿಗೆ 4 ಅಡಿ, ಅಲ್ವಾ? ಎರಡು ಪಕ್ಕಕ್ಕೆ ಎರಡು ಹಲಗೆ, ನೆಲಕ್ಕೆ ಒಂದು. ಗರಗಸ ಹಿಡಿಯಲು ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟಿದ ಗಾಡಿ ಇದು.

ದುಡ್ಡು ಉಳಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಕಟ್ಟಲು ಹೊರಟವರಿಗೆ ನಾನು ಬೇಡ ಅನ್ನುತ್ತೇನೆ. ಹಲಗೆ ತಂದ ದಿನ ಅಗ್ಗ ಅನಿಸುತ್ತದೆ. ಆದರೆ ಖರ್ಚು ಇರುವುದು ಹಲಗೆಯಲ್ಲಲ್ಲ. ಚಾಸಿ (ಕೆಳಗಿನ ಕಬ್ಬಿಣದ ಚೌಕಟ್ಟು), ಆಕ್ಸಲ್, ಗಾಲಿ, ಕಿಟಕಿ, ಬಾಗಿಲಿನ ರಬ್ಬರ್, ಬೀಗ, ವೈರಿಂಗ್, ಬ್ಯಾಟರಿ, ಫ್ಯಾನ್ ಅಂತ ಒಂದೊಂದೇ ಬರುತ್ತಾ ಹೋಗುತ್ತದೆ. ನಿಮ್ಮ ದಿನಗೂಲಿಯನ್ನೂ ಸೇರಿಸಿದರೆ ಉಳಿತಾಯ ತೀರಾ ಸಣ್ಣದು. ಕಟ್ಟುವ ಕೆಲಸವೇ ಇಷ್ಟ ಇದ್ದರೆ ಕಟ್ಟಿ. ಅದು ದೊಡ್ಡ ಕಾರಣವೇ, ಅದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಇನ್ನು ಹೊರಗಿನ ಊರಿನವರು ಯೋಚಿಸದ ತೊಡಕು ಒಂದಿದೆ. ಕಾಫಿ ತೋಟ ಇರುವವರಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಮರದ ಕೆಲಸಕ್ಕೆ ತೀರಾ ಕೆಟ್ಟ ಕಾಲವೂ ಅದೇ. ಗಾಳಿಯೆಲ್ಲ ನೀರು, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು. ಹಲಗೆ ತೇವ ಕುಡಿದು ಕೂತಿರುತ್ತದೆ. ಎಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ಅಂಟು) ಬಳಿದರೆ ಮೇಲ್ಮೈ ಮೇಲೆ ಮೇಣದಂಥ ಜಿಗುಟು ಪದರ ಬರುತ್ತದೆ. ಅದನ್ನು ತೊಳೆಯದೆ ಪೇಂಟ್ ಹೊಡೆದರೆ ಪೇಂಟ್ ಎದ್ದು ಬರುತ್ತದೆ. ಹವೆ ಒಣಗಿರುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ, ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಿಂದೆ ಓಡಾಟ. ಕೈಗೆ ಸಿಗುವುದು ಮಾರ್ಚ್ ಕೊನೆಯಿಂದ ಮೇವರೆಗೆ, ಅದರಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಭಯ. ಅದಕ್ಕೇ ನಾನು ಮೊದಲು ಸೂರು ಕೇಳುವುದು. ಖಾಲಿ ಬಿದ್ದ ಗೋಡೌನ್ ಇದ್ದರೆ ಒಂದು ಬೇಸಿಗೆಯಲ್ಲಿ ಆಗದ್ದನ್ನು ಮುಂದಿನ ಬೇಸಿಗೆಗೆ ಧೈರ್ಯವಾಗಿ ಬಿಡಬಹುದು. ಟಾರ್ಪಲ್ ಹೊದಿಸಿ ಅಂಗಳದಲ್ಲಿ ಬಿಟ್ಟ ಅರ್ಧ ಟ್ರೈಲರ್ ಇಲ್ಲಿನ ಮಳೆಗಾಲ ದಾಟಿ ಚೆನ್ನಾಗಿ ಉಳಿಯುವುದಿಲ್ಲ. ಟಾರ್ಪಲ್ ಮೇಲಿನ ನೀರು ತಡೆಯುತ್ತದೆ, ಒಳಗಿನ ತೇವವನ್ನೂ ಹಿಡಿದಿಡುತ್ತದೆ.

ಕಟ್ಟುವವರಿಗೆ ನನ್ನ ಒತ್ತಾಯ ಒಂದೇ: ಹಲಗೆಯ ಅಂಚಿನ ಕಡೆ ಗಮನ ಕೊಡಿ. ಪ್ಲೈವುಡ್ ಕೊಳೆಯುವುದು ಮುಖದಿಂದಲ್ಲ, ಅಂಚಿನಿಂದ. ಅಂಗಡಿಯಲ್ಲಿ ವಾಟರ್‌ಪ್ರೂಫ್ ಅಂದ ಮಾತ್ರಕ್ಕೆ ನಂಬಬೇಡಿ, ಮೇಲಿನ ಮುದ್ರೆ ಓದಿ. ಐಎಸ್ ಅಂದರೆ ಭಾರತೀಯ ಮಾನಕದ ಸಂಖ್ಯೆ. ಐಎಸ್ 303ರಲ್ಲಿ ಎಂಆರ್ (ತೇವ ತಡೆಯುವ ದರ್ಜೆ) ಅಂತ ಇದ್ದರೆ ಅದು ಮನೆಯೊಳಗಿನ ಕಪಾಟಿಗೆ. ಬಿಡಬ್ಲ್ಯೂಆರ್ (ಕುದಿನೀರು ತಡೆಯುವ ದರ್ಜೆ) ಪರವಾಗಿಲ್ಲ. ಐಎಸ್ 710 ಅಂದರೆ ಮರೈನ್ ಪ್ಲೈ, 72 ಗಂಟೆ ಕುದಿಸಿದರೂ ಅಂಟು ಬಿಡಬಾರದು ಅನ್ನುವ ಪರೀಕ್ಷೆ ಅದಕ್ಕಿದೆ. ಅಂಟು ಬಿಡದಿದ್ದರೂ ಮರ ನೀರು ಕುಡಿಯುತ್ತದೆ ಅನ್ನುವುದನ್ನು ಮರೆಯಬೇಡಿ. ಕತ್ತರಿಸಿದ ಪ್ರತಿ ಅಂಚಿಗೂ ತೆಳು ಎಪಾಕ್ಸಿ ಕುಡಿಸಬೇಕು, ಮರ ಸಾಕು ಅನ್ನುವ ತನಕ. ಸ್ಕ್ರೂ ಹಾಕುವ ಜಾಗಕ್ಕೂ ಇದೇ ಉಪಚಾರ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ. ಆಗ ಸ್ಕ್ರೂ ಮೈಗೆ ಮರ ತಾಗುವುದೇ ಇಲ್ಲ, ನೀರು ಸ್ಕ್ರೂ ಹಿಡಿದು ಇಳಿದರೂ ಮರಕ್ಕೆ ಹೋಗುವುದಿಲ್ಲ. ಬೇಜಾರಿನ ಕೆಲಸ, ನಿಜ. ಟ್ರೈಲರ್ ಐದು ವರ್ಷ ಬಾಳುತ್ತದೋ ಹದಿನೈದೋ ಅನ್ನುವುದು ಈ ಬೇಜಾರಿನ ಕೆಲಸದ ಮೇಲೇ ನಿಂತಿದೆ.

ಅತಿ ಸೋರುವ ಜಾಗ ಹಿಂಬದಿಯ ಮುಚ್ಚಳದ ಮೇಲಿನ ಕೀಲು. ನಮ್ಮ ಮಳೆ ನೆಟ್ಟಗೆ ಬೀಳುವುದಿಲ್ಲ. ಭಾಗಮಂಡಲದ ಕಡೆ ಜುಲೈಯಲ್ಲಿ ನಿಂತವರಿಗೆ ಗೊತ್ತು, ಗಾಳಿ ಕಣಿವೆಯಿಂದ ಮೇಲಕ್ಕೆ ನುಗ್ಗಿ ಮಳೆಯನ್ನು ಸೂರಿನ ಅಡಿಗೇ ತಳ್ಳುತ್ತದೆ. ಸಾಮಾನ್ಯ ಪಿಯಾನೋ ಹಿಂಜ್ (ಉದ್ದ ಪಟ್ಟಿಯ ಕೀಲು) ಹಾಕಿದರೆ ಅದರ ಗಂಟುಗಂಟಿನಲ್ಲೂ ನೀರು ಇಳಿಯುತ್ತದೆ. ಎರಡು ಅಲ್ಯೂಮಿನಿಯಂ ಪಟ್ಟಿ ಒಂದರೊಳಗೊಂದು ಕೊಕ್ಕೆಯಾಗಿ ಕೂರುವ ಹಿಂಜ್ ಬರುತ್ತದೆ, ಅಗಲಕ್ಕೂ ಒಂದೇ ತುಂಡು. ಅದನ್ನು ಹಾಕಿ, ಮೇಲೆ ರಬ್ಬರ್ ಹಾಳೆಯ ಹೊದಿಕೆ ಕೊಡಿ, ಒಳಗಡೆ ಸಣ್ಣ ದೋಣಿ ಕೊರೆದು ಬಂದ ನೀರು ಎರಡೂ ಪಕ್ಕಕ್ಕೆ ಹರಿಯುವಂತೆ ಮಾಡಿ. ನೀರು ಬರಲೇಬಾರದು ಅಂತ ಹಟ ಹಿಡಿಯುವುದಕ್ಕಿಂತ ಬಂದ ನೀರಿಗೆ ಹೋಗಲು ದಾರಿ ಕೊಡುವುದು ಜಾಣತನ. ತೋಟಕ್ಕೆ ಕಪ್ಪು (ನೀರು ಹರಿಯುವ ಕಾಲುವೆ) ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಒಂದು ಗಾಳಿಕಿಂಡಿಯೂ ಬೇಕು. ಇಬ್ಬರು ಬಾಗಿಲು ಮುಚ್ಚಿ ಮಲಗಿದರೆ ಉಸಿರಿನ ತೇವಕ್ಕೇ ಬೆಳಗ್ಗೆ ಗೋಡೆ ಬೆವರಿರುತ್ತದೆ. ಹಾಸಿಗೆಯ ಅಡಿಗೂ ಪಟ್ಟಿ ಹೊಡೆದು ಗಾಳಿ ಬಿಡಿ.

ಸೂರಿಲ್ಲ, ಬಿಡುವಿಲ್ಲ, ಆದರೆ ತಿರುಗಾಡುವ ಆಸೆ ಇದೆ ಅನ್ನುವವರು ಕೊಳ್ಳಿ. ಅದರಲ್ಲಿ ಕಡಿಮೆ ಅನ್ನುವಂಥದ್ದೇನೂ ಇಲ್ಲ. ಕೊಳ್ಳುವುದಾದರೆ ಅಚ್ಚಿನಲ್ಲಿ ತೆಗೆದ ಫೈಬರ್ ಮೈಯದನ್ನೇ ಹುಡುಕಿ, ಸಂದು ಕಡಿಮೆ, ಕೊಳೆಯಲು ಮರವೂ ಕಡಿಮೆ. ಹಳೆಯದನ್ನು ನೋಡಲು ಹೋದರೆ ಹೊಳಪು ನೋಡಬೇಡಿ. ಮೊದಲು ಬಾಗಿಲು ತೆಗೆದು ವಾಸನೆ ನೋಡಿ. ಹಾಸಿಗೆ ಎತ್ತಿ, ಬಾಗಿಲಿನ ಹೊಸ್ತಿಲ ಕೆಳಗೆ, ಮುಚ್ಚಳದ ಎರಡು ಮೂಲೆಯಲ್ಲಿ ಹೆಬ್ಬೆರಳಿನಿಂದ ಒತ್ತಿ. ಬೆರಳು ಒಳಗೆ ಹೋದ ಹಾಗಾದರೆ ಅಲ್ಲಿಂದ ಎದ್ದು ಬನ್ನಿ, ಬೆಲೆ ಎಷ್ಟೇ ಇಳಿಸಲಿ. ಆಮೇಲೆ ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ನೀರು ಹೊಡೆಸಿ, ನೀವು ಒಳಗೆ ಕೂತು ಟಾರ್ಚ್ ಹಿಡಿದು ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಬೇರೆ ಕಡೆ ನೋಡಿ.

ಕಾಗದಪತ್ರದ ವಿಷಯ. ಸಣ್ಣದು ತಾನೆ, ಯಾರು ಕೇಳುತ್ತಾರೆ ಅನ್ನುವ ಮಾತು ಆಗಾಗ ಕೇಳುತ್ತೇನೆ. ಕಾನೂನು ಕೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಅನ್ನುವುದರೊಳಗೆ ಟ್ರೈಲರ್ ಕೂಡ ಸೇರಿದೆ. ಇಂಜಿನ್ ಇಲ್ಲದಿದ್ದರೂ ನೋಂದಣಿ ಬೇಕು, ವಿಮೆ ಬೇಕು, ಅದಕ್ಕೇ ಬೇರೆ ನಂಬರ್ ಬರುತ್ತದೆ. ಆದ್ದರಿಂದ ನನ್ನ ಸಲಹೆ: ಕಟ್ಟುವವರೂ ಚಾಸಿಯನ್ನು ಮಾತ್ರ ಕೊಳ್ಳಿ, ಅದೂ ಟ್ರೈಲರ್ ಮಾಡಲು ಅನುಮತಿ ಇರುವವರಿಂದ, ದಾಖಲೆ ಸಮೇತ. ಗೋಣಿಕೊಪ್ಪ, ಕುಶಾಲನಗರದಲ್ಲಿ ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ ಮಾಡುವ ಒಳ್ಳೆಯ ವೆಲ್ಡರ್‌ಗಳು ಇದ್ದಾರೆ, ಅವರ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಬೆಸುಗೆ ಗಟ್ಟಿ ಇದ್ದರಷ್ಟೇ ಆರ್‌ಸಿ ಸಿಗುವುದಿಲ್ಲ. ಹಲಗೆಗೆ ಗರಗಸ ಹಾಕುವ ಮೊದಲು ನಕ್ಷೆ ಹಿಡಿದು ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೋಗಿ, ಏನೇನು ಬೇಕು ಅಂತ ಕೇಳಿ ಬರೆದುಕೊಳ್ಳಿ. ಹಾಗೇ ನಿಮ್ಮ ಕಾರಿನ ಮ್ಯಾನುವಲ್ ತೆಗೆದು ಎಷ್ಟು ಭಾರ ಎಳೆಯಬಹುದು ಅಂತ ನೋಡಿ. ಎಳೆಯಲೇಬೇಡಿ ಅಂತ ಬರೆದಿದ್ದರೆ ಕೊಳ್ಳುವ, ಕಟ್ಟುವ ಮಾತು ಎರಡೂ ಅಲ್ಲಿಗೆ ನಿಲ್ಲುತ್ತದೆ, ಬೇರೆ ಕಾರು ಬರುವ ತನಕ.

ತೂಕ ನಮಗೆ ಬೇರೆಯವರಿಗಿಂತ ಜಾಸ್ತಿ ಮುಖ್ಯ. ಮಡಿಕೇರಿಯಿಂದ ಸಂಪಾಜೆಗೆ ಇಳಿಯಬೇಕು, ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯಬೇಕು. ಇಳಿಜಾರಿನಲ್ಲಿ ಬ್ರೇಕಿಲ್ಲದ ಟ್ರೈಲರ್ ಕಾರನ್ನು ಹಿಂದಿನಿಂದ ತಳ್ಳುತ್ತದೆ. ಯುರೋಪಿನಲ್ಲಿ ಬ್ರೇಕಿಲ್ಲದ ಟ್ರೈಲರ್‌ಗೆ 750 ಕಿಲೋ ಗರಿಷ್ಠ ಮಿತಿ. ನಮ್ಮ ಘಾಟಿಗೆ ಸಾಮಾನು ಸೇರಿ 450 ಕಿಲೋ ದಾಟಬಾರದು ಅನ್ನುವುದು ನನ್ನ ಅಭಿಪ್ರಾಯ. ಕಟ್ಟುವವರು ಗಟ್ಟಿ ಇರಲಿ ಅಂತ ಎಲ್ಲದಕ್ಕೂ 19 ಮಿಲಿಮೀಟರ್ ಹಲಗೆ ತರುತ್ತಾರೆ. ಅಂಥ ಒಂದು ಹಲಗೆಯೇ ಸುಮಾರು 35 ಕಿಲೋ. ಪಕ್ಕಕ್ಕೆ 12 ಸಾಕು, ಒಳಗೆ ಕಿರು ಪಟ್ಟಿಗಳ ಚೌಕಟ್ಟು ಕೊಡಿ. ಮೂತಿಯ ಭಾರ ಒಟ್ಟು ತೂಕದ ನೂರಕ್ಕೆ 10ರಿಂದ 15 ಇರಬೇಕು. ಅಂದರೆ 400 ಕಿಲೋದ ಟ್ರೈಲರ್ ಕೊಕ್ಕೆಯ ಮೇಲೆ 40ರಿಂದ 60 ಕಿಲೋ ಕೂರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಬಾಲ ಬೀಸುತ್ತದೆ, ಆ ತೂಗಾಟ ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ. ಮೂತಿಯ ಕೆಳಗೆ ಮನೆಯ ತೂಕದ ಯಂತ್ರ ಇಟ್ಟರೆ ಲೆಕ್ಕ ಸಿಗುತ್ತದೆ. ಅಡುಗೆ ಕಟ್ಟೆ ಹಿಂದೆ ಇರುವುದರಿಂದ ನೀರಿನ ಕ್ಯಾನು, ಗ್ಯಾಸು ಅಲ್ಲಿ ತುಂಬಿದಷ್ಟೂ ಮೂತಿ ಹಗುರಾಗುತ್ತದೆ. ಬ್ಯಾಟರಿ ಮುಂದಿಡಿ. ಗಾಲಿಯೂ ಸಾಧ್ಯವಾದರೆ ಕಾರಿನ ಅಳತೆಯದೇ ಇರಲಿ, ಎರಡಕ್ಕೂ ಒಂದೇ ಸ್ಟೆಪ್ನಿ ಸಾಕು.

ಎಲ್ಲಿ ಮಲಗುವುದು ಅನ್ನುವುದೂ ತೀರ್ಮಾನದ ಭಾಗವೇ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳಲ್ಲಾಗಲಿ ನಾಗರಹೊಳೆಯಲ್ಲಾಗಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬಿಡಾರ ಹೂಡುವಂತಿಲ್ಲ. ಹೂಡಬಾರದು ಕೂಡ. ನಮಗೆ ಸಿಗುವುದು ಗೆಳೆಯರ ತೋಟ, ನೆಂಟರ ಅಂಗಳ, ಜಾಗ ಕೊಡುವ ಹೋಮ್‌ಸ್ಟೇ. ಸಿದ್ದಾಪುರ, ಪೊನ್ನಂಪೇಟೆ ಕಡೆಯ ತೋಟದಲ್ಲಿ ಉಳಿಯುವುದಾದರೆ ಆನೆ ಯಾವ ಕಡೆಯಿಂದ ಬರುತ್ತದೆ ಅಂತ ಲೈನ್ ಮನೆಯ ತೋಟದ ಕೆಲಸಗಾರರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಹಲಸು, ಬಾಳೆಹಣ್ಣು ಟ್ರೈಲರ್‌ನಲ್ಲಿ ಇಡಲೇಬೇಡಿ. ಮಳೆಗಾಲದಲ್ಲಿ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಕೆಳಗೆ ನಿಲ್ಲಿಸಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ನೆಲ ಮಟ್ಟವಾಗಿದೆ ಅನ್ನುವ ಕಾರಣಕ್ಕೆ ಕಡಿದ ಗುಡ್ಡದ ಬುಡದಲ್ಲಿ ರಾತ್ರಿ ಕಳೆಯುವುದು ತಪ್ಪು.

ಇಷ್ಟಾದ ಮೇಲೂ ಎರಡು ಮನಸ್ಸಿನಲ್ಲಿ ಇರುವವರು ದುಡ್ಡು ತೆಗೆಯುವ ಮೊದಲು ಒಂದು ಕೆಲಸ ಮಾಡಿ. ಕಾಫಿ ಒಣಗಿಸುವ ಕಣದಲ್ಲಿ ಸೀಮೆಸುಣ್ಣದಿಂದ 4 ಅಡಿ ಅಗಲ, ಆರೂವರೆ ಅಡಿ ಉದ್ದದ ಚೌಕ ಎಳೆಯಿರಿ. ಅಡುಗೆ ಕಟ್ಟೆಗೆ ಜಾಗ ಹೋದ ಮೇಲೆ ಮಲಗಲು ಉಳಿಯುವುದು ಸುಮಾರು ಅಷ್ಟೇ. ಅದರೊಳಗೆ ಚಾಪೆ ಹಾಸಿ ಇಬ್ಬರೂ ಮಲಗಿ. ಮಗ್ಗುಲು ಬದಲಿಸಿ, ಎದ್ದು ಕೂತು ಅಂಗಿ ಹಾಕಿಕೊಳ್ಳಿ, ಒಬ್ಬರನ್ನು ಎಬ್ಬಿಸದೆ ಇನ್ನೊಬ್ಬರು ಹೊರಗೆ ಬರೋಕೆ ಆಗುತ್ತಾ ನೋಡಿ. ಇಬ್ಬರಿಗೂ ಸರಿ ಅನಿಸಿದರೆ ಶೆಡ್ಡಿನ ಲೆಕ್ಕಕ್ಕೆ ಬನ್ನಿ. ಮಗು ಇದ್ದರೆ 5 ಅಡಿ ಅಗಲ ಬೇಕಾಗುತ್ತದೆ. ಆಗ 8ಕ್ಕೆ 4ರ ಹಲಗೆ ನೆಲಕ್ಕೂ ಚಾವಣಿಗೂ ಸಾಲುವುದಿಲ್ಲ, ಸಂದು ಜಾಸ್ತಿಯಾಗುತ್ತದೆ, ತೂಕವೂ ಏರುತ್ತದೆ. ಅಂಥವರಿಗೆ ಸೂರಿದ್ದರೂ ನಾನು ಕೊಳ್ಳಿ ಅಂತಲೇ ಹೇಳುತ್ತೇನೆ.