ಬಳ್ಳಿಗಾವಿ, ತಾಳಗುಂದ, ಬನವಾಸಿ: ಕಲ್ಲು ಓದಲು ಹೋಗುವವರಿಗೆ

ಬಳ್ಳಿಗಾವಿ, ತಾಳಗುಂದ, ಬನವಾಸಿ ಮೂರನ್ನೂ ಕಾರಿನಲ್ಲಿ ಒಂದೇ ದಿನಕ್ಕೆ ಮುಗಿಸಬಹುದು. ಹಾಗೆ ಮುಗಿಸಿ ಬಂದವರನ್ನು ಏನು ನೋಡಿದಿರಿ ಅಂತ ಕೇಳಿದರೆ, ದೇವಸ್ಥಾನ, ಕಂಬ, ಫೋಟೋ ಅಷ್ಟೇ. ನಮ್ಮ ಪ್ರವಾಸ ಬೇರೆ ಥರ ಆಗಿದ್ದು ಅತ್ತೆಯಿಂದ. ಅವರ ತವರು ಸೊರಬ ತಾಲೂಕು. ಅವರಿಗೆ ಕದಂಬರ ಬಗ್ಗೆ ಅಂಥ ಕುತೂಹಲ ಏನೂ ಇರಲಿಲ್ಲ. ತವರಿನ ಗದ್ದೆ ಬದುವಿನಲ್ಲಿ ನಿಂತಿರುವ ಕಲ್ಲಿನ ಮೇಲೆ ಏನು ಬರೆದಿದೆ ಅನ್ನೋದು ಮಾತ್ರ ಬೇಕಿತ್ತು. ಆದ್ದರಿಂದ ಮೊದಲು ಆ ಕಲ್ಲು, ಆಮೇಲೆ ಹೆಸರಾದ ಊರುಗಳು. ಈಗ ಯಾರು ಕೇಳಿದರೂ ಇದೇ ಕ್ರಮದಲ್ಲಿ ಹೋಗಿ ಅಂತಲೇ ಹೇಳುತ್ತೇನೆ.

ಕೆಲಸ ಮನೆಯಲ್ಲೇ ಶುರುವಾಗುತ್ತದೆ. ಬ್ರಿಟಿಷರ ಕಾಲದ ಅಧಿಕಾರಿ, ವಿದ್ವಾಂಸ ಬಿ.ಎಲ್. ರೈಸ್ ಹಳೇ ಮೈಸೂರು ಸಂಸ್ಥಾನದ ಹಳ್ಳಿ ಹಳ್ಳಿಯ ಶಾಸನಗಳನ್ನು ಓದಿಸಿ, 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಶಿಕಾರಿಪುರ ತಾಲೂಕು 7ನೇ ಸಂಪುಟದಲ್ಲಿದೆ, ಸೊರಬ 8ನೆಯದರಲ್ಲಿ. ತಾಲೂಕಿಗೊಂದು ಗುರುತು, ಶಾಸನಕ್ಕೊಂದು ನಂಬರು. ಶಿಕಾರಿಪುರ 176 ಅಂದರೆ ತಾಳಗುಂದದ ಕಂಬ. ಕನ್ನಡ ಲಿಪಿಯಲ್ಲಿ ಪಾಠ ಇರುತ್ತದೆ, ಇಂಗ್ಲಿಷ್ ಅನುವಾದವೂ ಇರುತ್ತದೆ. ಹಳ್ಳಿಯ ಹೆಸರನ್ನು ನೂರು ವರ್ಷದ ಹಿಂದಿನ ಕಾಗುಣಿತದಲ್ಲಿ ಹುಡುಕಬೇಕು, ತಾಳ್ಮೆ ಬೇಕು. ಬನವಾಸಿಯನ್ನು ಮಾತ್ರ ಇದರಲ್ಲಿ ಹುಡುಕಬೇಡಿ. ಅದು ಆಗ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು. ಆ ಕಡೆಯ ಊರಿನವರು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಬಾಂಬೆ ಕರ್ನಾಟಕ ಸಂಪುಟಗಳನ್ನು ನೋಡಬೇಕು.

ಕಾಲ ಕಂಡುಕೊಳ್ಳೋದು ಕಷ್ಟವಲ್ಲ. ಶಕ ವರ್ಷ ಇದ್ದರೆ 78 ಕೂಡಿಸಿ. ಚಾಲುಕ್ಯ ವಿಕ್ರಮ ವರ್ಷ (ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಶಕೆ) ಅಂತ ಇದ್ದರೆ ಎಣಿಕೆ 1076ರಿಂದ ಶುರು.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ಬೇಡವೇ ಬೇಡ. ಕಲ್ಲಿಗೆ ಪಾಚಿ ಕಟ್ಟಿರುತ್ತದೆ, ಅಕ್ಷರ ಕಾಣೋದಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಗದ್ದೆಯಲ್ಲಿ ಭತ್ತ ನಿಂತಿರುತ್ತದೆ, ಬದುವಿನಲ್ಲಿ ಸೊಂಟದುದ್ದ ಹುಲ್ಲು. ಕೊಯ್ಲು ಮುಗಿದ ಮೇಲೆ, ಅಂದರೆ ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಗದ್ದೆಯಲ್ಲೇ ನಡೆದುಕೊಂಡು ಕಲ್ಲಿನ ಬುಡದವರೆಗೆ ಹೋಗಬಹುದು.

ಶಿವಮೊಗ್ಗಕ್ಕೆ ಬೆಂಗಳೂರಿನಿಂದ ರೈಲು, ಬಸ್ಸು ಎರಡೂ ಇವೆ. ಅಲ್ಲಿ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಕೊಡಿ. ಆವರಣದಲ್ಲಿ ಸುತ್ತಮುತ್ತಲಿಂದ ತಂದ ಕಲ್ಲುಗಳಿವೆ. ವೀರಗಲ್ಲು ಓದೋದನ್ನು ಕಲಿಯಲು ಅದಕ್ಕಿಂತ ಸುಲಭದ ಜಾಗ ಇಲ್ಲ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೋರಾಟ. ನಡುವೆ ಸತ್ತವನನ್ನು ಅಪ್ಸರೆಯರು ಕೈಹಿಡಿದು ಕರೆದೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಕೆಳಗಿನ ಪಟ್ಟಿಯಲ್ಲಿ ದನಗಳಿದ್ದರೆ ಅದು ತುರುಗೊಳ್, ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆಯಲು ಹೋಗಿ ಸತ್ತವನ ಕಲ್ಲು. ಬಳೆ ತೊಟ್ಟ ಕೈ ಮೇಲೆದ್ದು ನಿಂತಿದ್ದರೆ ಅದು ಮಾಸ್ತಿಕಲ್ಲು, ಗಂಡನ ಹಿಂದೆ ಸತಿ ಹೋದವಳ ಕಲ್ಲು.

ಇನ್ನು ಹಳ್ಳಿಯ ವಿಷಯ. ಇಲ್ಲಿ ಒಂದು ಎಚ್ಚರಿಕೆ. ಈ ಸೀಮೆಯಲ್ಲಿ ನಿಧಿ ಆಸೆಗೆ ಕಲ್ಲು ಕಿತ್ತು ಅಗೆಯುವವರ ಕಾಟ ಇದೆ. ಗೊತ್ತಿಲ್ಲದ ನಾಲ್ಕು ಜನ ಟಾರ್ಚ್ ಹಿಡಿದು ಕಲ್ಲಿನ ಸುತ್ತ ಓಡಾಡಿದರೆ ಊರವರು ಸುಮ್ನೆ ಇರೋದಿಲ್ಲ, ಇರಲೂಬಾರದು. ಹಗಲಲ್ಲೇ ಹೋಗಿ. ಮೊದಲು ಆ ಗದ್ದೆಯವರನ್ನು ಮಾತಾಡಿಸಿ. ಊರಲ್ಲಿ ನೆಂಟರಿದ್ದರೆ ಅವರನ್ನು ಮುಂದೆ ಬಿಡಿ. ನಮ್ಮ ಜೊತೆ ಅತ್ತೆಯ ಅಣ್ಣ ಬಂದಿದ್ದರು, ಬಾಗಿಲು ತಾನಾಗೇ ತೆರೆಯಿತು.

ಅದು ತುರುಗೊಳ್ ಕಲ್ಲು. ಊರವರಿಗೆ ಅದು ಭೂತಪ್ಪ, ವರ್ಷಕ್ಕೊಮ್ಮೆ ಎಡೆ ಇಡುತ್ತಾರೆ. ಮಧ್ಯಾಹ್ನದ ಬಿಸಿಲಲ್ಲಿ ಬರೀ ಕಲ್ಲು, ಅಕ್ಷರ ಇದೆ ಅಂತಲೇ ಅನ್ನಿಸಲಿಲ್ಲ. ಕಂಬಳಿ ಹಿಡಿದು ನೆರಳು ಮಾಡಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಹೆಚ್ಚುಕಮ್ಮಿ ತಾಗಿಸಿ ಬಿಟ್ಟಾಗ ಸಾಲುಗಳು ಎದ್ದು ಬಂದವು. ಬೆಳಗ್ಗೆ ಏಳೆಂಟು ಗಂಟೆ ಅಥವಾ ಸಂಜೆ ಐದರ ಹೊತ್ತಿಗೆ ಹೋದರೆ ಓರೆ ಬಿಸಿಲೇ ಈ ಕೆಲಸ ಮಾಡುತ್ತದೆ. ರೈಸ್ ಕಾಲದಲ್ಲಿ ಇದ್ದ ಕೆಲವು ಅಕ್ಷರ ಈಗ ಸವೆದು ಹೋಗಿವೆ. ಕಲ್ಲಿನಲ್ಲಿ ಇಲ್ಲದ್ದನ್ನು ಪುಸ್ತಕದಲ್ಲಿ, ಪುಸ್ತಕದಲ್ಲಿ ಅರ್ಥವಾಗದ್ದನ್ನು ಕಲ್ಲಿನಲ್ಲಿ ನೋಡುತ್ತಾ ಓದಿದೆವು. ಊರಿನ ದನ ಬಿಡಿಸಲು ಹೋಗಿ ಸತ್ತ ಒಬ್ಬ, ಕಲ್ಲು ನಿಲ್ಲಿಸಿದ ಅವನ ತಮ್ಮ. ಅಷ್ಟೇ.

"ದನಕ್ಕೋಸ್ಕರ ಸತ್ನಾ?" ಅಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ನಾವು ಎಡೆ ಇಡ್ತಾ ಬಂದಿದ್ದು ಸರಿಯಾಗೇ ಇದೆ ಬಿಡು."

ಅವರ ಅಣ್ಣನಿಗೆ ಇನ್ನೂ ಒಂದು ಪ್ರಶ್ನೆ ಇತ್ತು: ಆ ತಮ್ಮನ ಮನೆತನ ಈಗ ಯಾವುದು? ಅದಕ್ಕೆ ಯಾವ ಸಂಪುಟದಲ್ಲೂ ಉತ್ತರ ಇಲ್ಲ. ಆದರೆ ಅವರು ಆ ರಾತ್ರಿಯೆಲ್ಲ ಊರಿನ ಹಳೇ ಮನೆಗಳ ಲೆಕ್ಕ ಹಾಕುತ್ತಾ ಕೂತರು. ಅದನ್ನು ರೆಕಾರ್ಡ್ ಮಾಡಿಕೊಂಡಿದ್ದೇನೆ. ನೀವೂ ಹಿರಿಯರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಕಲ್ಲಿನ ಫೋಟೋ ಯಾರಾದರೂ ತೆಗೆಯಬಹುದು, ಈ ಮಾತು ಆಮೇಲೆ ಸಿಗೋದಿಲ್ಲ.

ಇಷ್ಟಾದ ಮೇಲೆ ದೊಡ್ಡ ಊರುಗಳು ಬೇರೆಯಾಗೇ ಕಾಣುತ್ತವೆ. ಬಳ್ಳಿಗಾವಿ, ತಾಳಗುಂದ ಎರಡೂ ಶಿರಾಳಕೊಪ್ಪಕ್ಕೆ ಹತ್ತಿರ, ಅಲ್ಲಿಂದ ಆಟೋದಲ್ಲೇ ಹೋಗಬಹುದು. ಬಳ್ಳಿಗಾವಿಯಲ್ಲಿ ಎಲ್ಲರೂ ಕೇದಾರೇಶ್ವರಕ್ಕೆ ಹೋಗುತ್ತಾರೆ, ಚೆನ್ನಾಗಿದೆ, ಹೋಗಿ. 1047ರ ಗಂಡಭೇರುಂಡದ ಕಂಬವನ್ನೂ ನೋಡಿ, ಎರಡು ಹಕ್ಕಿತಲೆಯ ಮನುಷ್ಯ ತುದಿಯಲ್ಲಿದ್ದಾನೆ. ಆದರೆ ನನಗೆ ಈ ಊರು ಅಂದರೆ ಕೋಡಿಯಮಠದ 1162ರ ಶಾಸನ. ಅಲ್ಲಿ ವೇದ, ವ್ಯಾಕರಣ ಕಲಿಸುತ್ತಿದ್ದರು ಅನ್ನೋದನ್ನು ಎಲ್ಲರೂ ಹೇಳುತ್ತಾರೆ. ಅದೇ ಶಾಸನದಲ್ಲಿ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನ ಹಾಕುವ, ರೋಗಿಗಳಿಗೆ ಔಷಧ ಕೊಡುವ ಜಾಗ ಅಂತಲೂ ಇದೆ. ಅದರ ಅನುವಾದವನ್ನು ಫೋನಿನಲ್ಲಿ ಇಟ್ಟುಕೊಂಡು, ಊರಲ್ಲೇ ಎಲ್ಲಾದರೂ ಕೂತು ಓದಿ.

ತಾಳಗುಂದದ ಪ್ರಣವೇಶ್ವರ ದೇವಸ್ಥಾನ ಚಿಕ್ಕದು, ಗದ್ದಲ ಇಲ್ಲ. ಎದುರಿನ ಎಂಟು ಮುಖದ ಕಂಬದಲ್ಲಿ ಸಾಲುಗಳು ಅಡ್ಡ ಇಲ್ಲ, ಬುಡದಿಂದ ಮೇಲಕ್ಕೆ ಹೋಗುತ್ತವೆ. ಕುತ್ತಿಗೆ ಓರೆ ಮಾಡಿಯೇ ನೋಡಬೇಕು. ಭಾಷೆ ಸಂಸ್ಕೃತ. ಗುರುವಿನ ಜೊತೆ ಕಂಚಿಗೆ ಓದಲು ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ ಕತ್ತಿ ಹಿಡಿದ ಕತೆ ಇರೋದು ಇದರಲ್ಲೇ. ಶಾಲೆಯಲ್ಲಿ ಮಯೂರನ ಹೆಸರು ಕಲಿತಿರುತ್ತೇವೆ, ಅಲ್ವಾ? ಇದನ್ನು ಬರೆದವನ ಹೆಸರು ಕುಬ್ಜ. ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಅಂತ ಕೊನೆಯಲ್ಲಿ ಹೇಳಿಕೊಂಡಿದ್ದಾನೆ.

ಬನವಾಸಿಯಲ್ಲೂ ಹೀಗೇ ಒಬ್ಬ ಇದ್ದಾನೆ. ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗರಕಲ್ಲು ಎಲ್ಲಿದೆ ಅಂತ ಕೇಳಿ ನೋಡಿ. ಕದಂಬರಿಗಿಂತ ಹಳೆಯದು, ಪ್ರಾಕೃತದ ಬರಹ ಇದೆ. ಮಾಡಿಸಿದವಳು ರಾಜಮನೆತನದ ಹೆಣ್ಣುಮಗಳು, ಕೆತ್ತಿದವನು ನಟಕ. ಅತ್ತೆ ಇಡೀ ದೇವಸ್ಥಾನದಲ್ಲಿ ಜಾಸ್ತಿ ಹೊತ್ತು ನಿಂತಿದ್ದು ಈ ಕಲ್ಲಿನ ಮುಂದೆ.

ಶಿರಾಳಕೊಪ್ಪದಿಂದ ಬನವಾಸಿಗೆ ಹೋಗುವಾಗ ಆನವಟ್ಟಿ ಕಡೆಯಿಂದ ಹೋದರೆ ಕುಬಟೂರಿನ ಕೈಟಭೇಶ್ವರ ದೇವಸ್ಥಾನವೂ ಸಿಗುತ್ತದೆ. ಬಸ್ಸು ನೆಚ್ಚಿಕೊಂಡರೆ ಕಾಯಬೇಕಾಗುತ್ತದೆ, ವಯಸ್ಸಾದವರು ಇದ್ದರೆ ಬಾಡಿಗೆ ಕಾರು ವಾಸಿ. ಉಳಿಯಲು ಒಂದು ರಾತ್ರಿ ಶಿಕಾರಿಪುರ, ಕೊನೆಯ ರಾತ್ರಿ ಶಿರಸಿ. ಬನವಾಸಿಯಿಂದ ಶಿರಸಿ ಹೆಚ್ಚು ದೂರ ಇಲ್ಲ.

ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತೀಡಬೇಡಿ, ಅರಿಶಿನ, ಎಣ್ಣೆ ಹಚ್ಚಬೇಡಿ, ತಂತಿ ಬ್ರಷ್ ಅಂತೂ ಮುಟ್ಟಲೇಬೇಡಿ. ನೀರು ಚಿಮುಕಿಸಿ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಪೂಜೆ ಆಗುವ ಕಲ್ಲಾದರೆ ಅದಕ್ಕೂ ಊರವರನ್ನು ಕೇಳಿ. ಸಂಪುಟದಲ್ಲಿ ಇಲ್ಲದ ಬರಹದ ಕಲ್ಲು ಕಂಡರೆ ಎಲ್ಲಿದೆಯೋ ಅಲ್ಲೇ ಬಿಟ್ಟು, ಫೋಟೋ ಮತ್ತು ಜಾಗದ ಗುರುತು ಸಮೇತ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. ಫೋಟೋ ತೆಗೆಯುವಾಗ ಇಡೀ ಕಲ್ಲಿನದು ಒಂದು, ಪ್ರತಿ ಪಟ್ಟಿಯದು ಒಂದೊಂದು, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು ತೆಗೆಯಿರಿ. ಓದುವವರಿಗೆ ಅನುಕೂಲ ಆಗುತ್ತದೆ.